ಶೇಂಗಾ ಹೋಳಿಗೆಯ ಸಂವಿಧಾನ

ಲಂಡನ್ನಿನ ಗ್ರೀನ್‌ಫರ್ಡಿನ ದಾನಪ್ಪ ಅಮೆರಿಕದ ಸಂವಿಧಾನ ಓದಲು ಶುರು ಮಾಡಿದ್ದು ಜ್ಞಾನದ ಹಸಿವಿನಿಂದ. ಅದನ್ನು ಕನ್ನಡ ಬಳಗದ ಮೇಲೆ ಪ್ರಯೋಗ ಮಾಡಿದ್ದು ಮಾತ್ರ ಶೇಂಗಾ ಹೋಳಿಗೆಯ ಹಸಿವಿನಿಂದ. ಎರಡು ಹಸಿವು ಒಂದೇ ಹೊಟ್ಟೆಯಲ್ಲಿ ಸೇರಿದರೆ ಏನಾಗುತ್ತದೆಂಬುದು 2001ರ ಯುಗಾದಿಯ ಭಾನುವಾರ ಎಲ್ಲರಿಗೂ ತಿಳಿಯಿತು.

ಅದರ ಹಿಂದಿನ ಚಳಿಗಾಲದಲ್ಲಿ, ಹೆಚ್ಚು ಓಟು ಬಿದ್ದವನು ಸೋತು ಕಡಿಮೆ ಓಟು ಬಿದ್ದವನು ಗೆದ್ದ ಅಮೆರಿಕದ ಸುದ್ದಿಯನ್ನು ದಾನಪ್ಪ ಟೀವಿಯಲ್ಲಿ ನೋಡಿ ಹೊಟ್ಟೆ ಹಿಡಿದು ನಕ್ಕಿದ್ದ. ನಕ್ಕ ಮೇಲೆ ಯಾಕೋ ಸಮಾಧಾನವಾಗಲಿಲ್ಲ. ಇಷ್ಟು ದೊಡ್ಡ ದೇಶ ಇಂಥ ಹುಚ್ಚಾಟವನ್ನು ಸುಮ್ಮನೆ ಒಪ್ಪಿಕೊಂಡಿದ್ದಾದರೂ ಹೇಗೆ? ಬಿಸ್ಕತ್ತಿನ ಗೋದಾಮಿನಲ್ಲಿ ಹಗಲೆಲ್ಲ ಸ್ಟಾಕು ನೋಡಿಕೊಳ್ಳುವ ಕೆಲಸ ಮುಗಿಸಿ, ಊರಿನ ಕೌನ್ಸಿಲಿನವರು ಸಂವಿಧಾನಗಳ ಬಗ್ಗೆ ನಡೆಸುತ್ತಿದ್ದ ಸಂಜೆ ಕ್ಲಾಸಿಗೆ ಹೋಗಿ ಕೂತ.

ಅಲ್ಲಿ ಕೇಳಿದ್ದು ಅವನನ್ನು ಬೆರಗುಗೊಳಿಸಿತು. ಇನ್ನೂರು ವರ್ಷದ ಹಿಂದೆ, ಬೇಸಿಗೆಯ ಸೆಕೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತ ಒಂದಷ್ಟು ಜನ, ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದವರು, ಆ ಅಪನಂಬಿಕೆಯಿಂದಲೇ ಒಂದು ಸರ್ಕಾರ ಕಟ್ಟಿದ್ದರು. ಜನ ಹೆಚ್ಚಿರುವ ರಾಜ್ಯಗಳು ತಮ್ಮನ್ನು ನುಂಗಿಬಿಡುತ್ತವೆಂದು ಸಣ್ಣ ರಾಜ್ಯಗಳಿಗೆ ಭಯ. ಅದಕ್ಕೇ ಎರಡು ಸಭೆ. ಕೆಳಗಿನದರಲ್ಲಿ ತಲೆಯೆಣಿಕೆ, ಮೇಲಿನದರಲ್ಲಿ ರಾಜ್ಯ ದೊಡ್ಡದಿರಲಿ ಸಣ್ಣದಿರಲಿ ಎರಡೆರಡೇ ಕುರ್ಚಿ. ಎರಡೂ ಸಭೆ ಒಪ್ಪಿದರೆ ಮಾತ್ರ ಕಾನೂನು. ಒಪ್ಪಿದರೂ ಅಧ್ಯಕ್ಷ ವೀಟೋ ಹಾಕಬಹುದು. ಹಾಕಿದರೆ ಎರಡೂ ಸಭೆಗಳ ಮೂರರಲ್ಲಿ ಎರಡು ಪಾಲು ಜನ ಸೇರಿ ಅವನ ಬಾಯಿ ಮುಚ್ಚಿಸಬಹುದು. ಇಷ್ಟು ಸಾಲದೆಂಬಂತೆ ಮೇಲೊಂದು ಕೋರ್ಟು.

"ನೀಲಾ, ಅದು ಸರ್ಕಾರ ಅಲ್ಲ, ಗಡಿಯಾರ! ಒಂದ ಹಲ್ಲು ಇನ್ನೊಂದ ಹಲ್ಲಿಗೆ ಕಚ್ಚಿ ತಿರಗತೈತಿ" ಎಂದು ಅವನು ಮನೆಗೆ ಬಂದು ಹೆಂಡತಿಯ ಮುಂದೆ ಕಣ್ಣರಳಿಸಿದ.

"ಗೋಡಿ ಮ್ಯಾಲಿನ ಗಡಿಯಾರ ನೋಡ್ರಿ. ಒಂಬತ್ತಾತು, ಉಣ್ಣಾಕ ಬರ್ರಿ" ಎಂದಳು ನೀಲವ್ವ.

ನೀಲವ್ವ ಹೌನ್ಸ್ಲೋದಲ್ಲಿ ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿ ಪಾಳಿ ಕೆಲಸ ಮಾಡುವವಳು. ಮನೆಗೆ ಬಂದು ಮತ್ತೆ ಲಟ್ಟಣಿಗೆ ಹಿಡಿಯುವ ಉತ್ಸಾಹ ಅವಳಿಗೆ ಇರುತ್ತಿರಲಿಲ್ಲ. ವಿಜಾಪುರದ ಶೇಂಗಾ ಹೋಳಿಗೆಯನ್ನು ವರ್ಷಕ್ಕೊಮ್ಮೆ ಯುಗಾದಿಗೆ ಮಾತ್ರ ಮಾಡುತ್ತೇನೆಂದು ಸ್ಪಷ್ಟವಾಗಿ ಹೇಳಿದ್ದಳು. ಆದರೆ ಯುಗಾದಿ ಆಗುತ್ತಿದ್ದದ್ದು ಬಳಗದಲ್ಲಿ. ಹಾಲ್ ಬಾಡಿಗೆಗೆ ಹಿಡಿದು, ಅಲ್ಲೇ ಹೆಂಗಸರೆಲ್ಲ ಸೇರಿ ಅಡುಗೆ ಮಾಡುವುದು ವಾಡಿಕೆ. ಏನು ಮಾಡಬೇಕೆಂದು ಕೈಯೆತ್ತಿ ತೀರ್ಮಾನ. ಬಳಗದಲ್ಲಿ ಮುಕ್ಕಾಲು ಪಾಲು ಬೆಂಗಳೂರು, ಮೈಸೂರಿನ ಕಂಪ್ಯೂಟರಿನವರು. ಹಾಗಾಗಿ ಪ್ರತಿವರ್ಷ ಬಿಸಿಬೇಳೆಭಾತು, ಬೇಳೆ ಒಬ್ಬಟ್ಟು. ಆರು ವರ್ಷದಿಂದ ದಾನಪ್ಪನ ನಾಲಿಗೆ ಶೇಂಗಾ ಹೋಳಿಗೆಯ ರುಚಿ ಕಂಡಿರಲಿಲ್ಲ. ನಗಬೇಡಿ. ಊರು ಬಿಟ್ಟವನಿಗೆ ಊರು ಉಳಿಯುವುದು ನಾಲಿಗೆಯ ಮೇಲೆಯೇ.

ಈ ವರ್ಷ ಜಗಳ ಜೋರಾಗಿ, ಎರಡು ಮೀಟಿಂಗು ಮುರಿದು, ಹಬ್ಬದ ದಿನ ಬೆಳಗಾದರೂ ಅಡುಗೆ ಏನೆಂದು ನಿರ್ಧಾರವಾಗಿರಲಿಲ್ಲ. ಎರಡೂ ಕಡೆಯವರು ಹಟಕ್ಕೆ ತಮ್ಮ ತಮ್ಮ ಸಾಮಾನು ಹೊತ್ತು ತಂದಿದ್ದರು. ನೀಲವ್ವನ ಚೀಲದಲ್ಲಿ ಶೇಂಗಾ, ಬೆಲ್ಲ ಕುಟ್ಟಿದ ಹೂರಣದ ಡಬ್ಬಿಗಳಿದ್ದವು. ಬಳಗದ ಅಧ್ಯಕ್ಷ ನರಸಿಂಹಮೂರ್ತಿಯ ಕಾರಿನಲ್ಲಿ ಬೇಳೆಯ ಮೂಟೆ ಇತ್ತು.

"ಹೀಗೇ ಕೂತ್ರೆ ಸಂಜೆ ಉಪವಾಸಾನೇ" ಎಂದರು ನರಸಿಂಹಮೂರ್ತಿ.

ದಾನಪ್ಪ ಎದ್ದು ನಿಂತ. ಅವನ ಕೈಯಲ್ಲಿ ಎರಡು ಹಾಳೆ, ದನಿಯಲ್ಲಿ ಭಕ್ತಿ.

"ಒಂದ ದಾರಿ ಐತ್ರಿ. ಅಮೆರಿಕಾ ಕಟ್ಟಿದವ್ರು ಹುಡುಕಿದ್ದು."

ಯೋಜನೆ ಕೇಳಿ ಜನ ಬೆರಗಾದರು, ಸ್ವಲ್ಪ ಅರ್ಥವಾಗದ್ದಕ್ಕೆ, ಸ್ವಲ್ಪ ನಿಜವಾಗಿಯೂ. ಮನೆಗೊಬ್ಬರಂತೆ ಗಂಡಸರೆಲ್ಲ ಕೆಳಸಭೆ. ಅಲ್ಲಿ ಬೆಂಗಳೂರಿನವರದೇ ದರ್ಬಾರು, ಅವರಿಗೆ ಖುಷಿ. ಬೆಂಗಳೂರು, ಮೈಸೂರು, ಧಾರವಾಡ, ಬೆಳಗಾವಿ, ವಿಜಾಪುರ, ಕಲಬುರ್ಗಿ, ಜಿಲ್ಲೆಗೆ ಇಬ್ಬರಂತೆ ಹನ್ನೆರಡು ಹೆಂಗಸರು ಮೇಲ್ಸಭೆ. ಅಲ್ಲಿ ಉತ್ತರದವರೇ ಹೆಚ್ಚು, ಇವರಿಗೆ ಖುಷಿ. ಉಳಿದ ಹೆಂಗಸರು ಓಟಿಲ್ಲದೆ ಮೇಲ್ಸಭೆಯ ಸಮಿತಿಗಳಲ್ಲಿ. ಅಧ್ಯಕ್ಷರು ನರಸಿಂಹಮೂರ್ತಿಗಳೇ. ಬೆಳಗಾವಿಯ ವಯಸ್ಸಾದ ಕಲ್ಲಯ್ಯನವರು ನ್ಯಾಯಾಧೀಶರು, ಸಾಯುವ ತನಕ. ಹಾಲಿನಲ್ಲಿದ್ದ ಒಂದೇ ಒಂದು ಮೆತ್ತನೆಯ ಕುರ್ಚಿ ಅವರಿಗೆ. ಕರಡು ಬರೆದವನು ಯಾವ ಪಕ್ಷಕ್ಕೂ ಸೇರಬಾರದೆಂದು ದಾನಪ್ಪ ತಾನು ಹೊರಗುಳಿದ.

"ಡ್ಯಾಡ್, ವಾಟ್ ಅಬೌಟ್ ಅಸ್?" ಎಂದು ಮಗಳು ಅಂಕಿತಾ ಮಕ್ಕಳ ಪರವಾಗಿ ಕೇಳಿದಳು.

"ನೀವು ಹದಿನೆಂಟಾದ ಮ್ಯಾಲೆ ಬರ್ರಿ."

ಹನ್ನೊಂದು ಗಂಟೆಗೆ ಗಡಿಯಾರ ತಿರುಗತೊಡಗಿತು. ಕೆಳಸಭೆ ಒಬ್ಬಟ್ಟು, ಬಿಸಿಬೇಳೆಭಾತಿನ ಮಸೂದೆ ಪಾಸು ಮಾಡಿ ಪರದೆಯ ಆಚೆಗಿದ್ದ ಮೇಲ್ಸಭೆಗೆ ಕಳಿಸಿತು. ಹೆಂಗಸರು ಅದನ್ನು ಮುಲಾಜಿಲ್ಲದೆ ತಳ್ಳಿಹಾಕಿದರು. ಮೇಲ್ಸಭೆ ಶೇಂಗಾ ಹೋಳಿಗೆಯ ಮಸೂದೆ ಕಳಿಸಿತು. ಗಂಡಸರು ಅದನ್ನು ಬಿಸಾಡಿದರು. ಹನ್ನೆರಡಾಯಿತು. ಹೊಟ್ಟೆಗಳು ಮಾತಾಡತೊಡಗಿದವು. ಕೆಳಸಭೆಯ ಸ್ಪೀಕರ್ ಆಗಿದ್ದ ಸಟನ್ನಿನ ಸಂದೀಪ್ ಟೈ ಸಡಿಲಿಸಿ ಕೇಳಿದ:

"ಸಾರ್, ಅಮೆರಿಕದಲ್ಲಿ ಹೀಗಾದ್ರೆ ಏನ್ ಮಾಡ್ತಾರೆ?"

"ಎರಡೂ ಸಭೆಯಿಂದ ನಾಕ್ನಾಕ ಮಂದಿ ಕುಂತು ರಾಜಿ ಮಾಡ್ತಾರ್ರೀ."

ನಾಲ್ಕು ಗಂಡಸರು, ನಾಲ್ಕು ಹೆಂಗಸರು ಟೇಬಲ್ ಟೆನಿಸ್ ಮೇಜಿನ ಸುತ್ತ ಕೂತರು. ಅರ್ಧ ಗಂಟೆಯಲ್ಲಿ ಎದ್ದರು. ಊಟಕ್ಕೆ ಬಿಸಿಬೇಳೆಭಾತು, ಸಿಹಿಗೆ ಶೇಂಗಾ ಹೋಳಿಗೆ! ಎರಡೂ ಸಭೆ ಚಪ್ಪಾಳೆ ತಟ್ಟಿ ಒಪ್ಪಿದವು. ಆರು ವರ್ಷದಲ್ಲಿ ಯಾರಿಗೂ ಹೊಳೆಯದ ಸುಲಭದ ಮಾತನ್ನು ಎರಡು ಹಾಳೆ ಹೊಳೆಯಿಸಿಬಿಟ್ಟವು. ದಾನಪ್ಪನ ಬಾಯಲ್ಲಿ ನೀರೂರಿತು.

ಆಗ ನರಸಿಂಹಮೂರ್ತಿ ಗಂಟಲು ಸರಿಮಾಡಿಕೊಂಡರು. "ವೀಟೋ."

"ಯಾಕ್ರೀ?" ಎಂದ ದಾನಪ್ಪ.

"ಕಾರಣ ಏನಿಲ್ಲ ದಾನಪ್ಪನೋರೇ. ಇಪ್ಪತ್ತು ವರ್ಷದಿಂದ ಆಫೀಸಲ್ಲೂ ಮನೇಲೂ ಹೂಂ ಅಂತಾನೇ ಇದೀನಿ. ಒಂದ್ಸಲ ಉಹೂಂ ಅನ್ನೋ ಅಧಿಕಾರ ಸಿಕ್ಕಿದೆ. ಉಪಯೋಗಿಸದೇ ಬಿಟ್ರೆ ಹೇಗೆ?"

ಹಾಲಿನಲ್ಲಿ ಗದ್ದಲ ಹೊತ್ತಿಕೊಂಡಿತು. ಮೇಲ್ಸಭೆಯಲ್ಲಿ ಬೆಂಗಳೂರಿನ ಕುರ್ಚಿಯಲ್ಲಿದ್ದ ಅವರ ಹೆಂಡತಿ ಶೋಭಾನೇ ಮೊದಲು ಎದ್ದರು. "ರೀ, ನಿಮಗೆ ಬುದ್ಧಿ ಇದ್ಯಾ? ಮಕ್ಕಳು ಹಸ್ಕೊಂಡಿವೆ!" ಎರಡೂ ಸಭೆಗಳಲ್ಲಿ ಕೈಗಳು ಮೇಲೆದ್ದವು. ಮೂರರಲ್ಲಿ ಎರಡು ಪಾಲು ಬೇಕಿತ್ತು; ಎದ್ದದ್ದು ಎಲ್ಲ ಕೈಗಳೂ. ಬೆಂಗಳೂರು, ಧಾರವಾಡ ಒಂದೇ ಮಾತಿಗೆ ಕೈಯೆತ್ತಿದ್ದನ್ನು ದಾನಪ್ಪ ಲಂಡನ್ನಿಗೆ ಬಂದ ಮೇಲೆ ನೋಡಿರಲಿಲ್ಲ. ಅವನ ಕಣ್ಣು ತುಂಬಿಬಂತು. ಸತ್ತು ಮಣ್ಣಾದ ಯಾರೋ ಪರದೇಶದವರು, ಬಿಸಿಬೇಳೆಭಾತೆಂದರೇನೆಂದು ಗೊತ್ತಿಲ್ಲದವರು, ಇಲ್ಲಿಯ ಜಗಳವನ್ನು ಅಲ್ಲಿ ಕೂತೇ ಬಿಡಿಸಿದ್ದರು. ಕೈ ಮುಗಿಯಬೇಕೆನ್ನಿಸಿತು.

ನೀಲವ್ವ ಸೆರಗು ಸಿಕ್ಕಿಸಿ ಅಡುಗೆಮನೆಯ ಕಡೆ ಹೊರಟಳು. ಅವಳ ಹಿಂದೆ ಹನ್ನೊಂದು ಜನ.

"ಒಂದ್ನಿಮಿಷ" ಎಂದರು ನರಸಿಂಹಮೂರ್ತಿ. ಸೋತ ಮನುಷ್ಯ ಮೂಲೆಯಲ್ಲಿ ಕೂತು ದಾನಪ್ಪನ ಹಾಳೆಗಳನ್ನು ಮೊದಲಿಂದ ಕೊನೆಯವರೆಗೆ ಓದುತ್ತಿದ್ದರು. "ಇಲ್ಲಿ ಆರನೇ ಕಲಮಿದೆ. ಕಾನೂನು ಮಾಡೋ ಸಭೇಲಿ ಕೂತೋರು ಕಾನೂನು ಜಾರಿ ಮಾಡೋ ಕೆಲಸಕ್ಕೆ ಕೈ ಹಾಕಬಾರದು. ಅಂದ್ರೆ ಸಭೆಯವರು ಅಡುಗೆ ಮಾಡೋ ಹಾಗಿಲ್ಲ."

ನಿಜವಾಗಿತ್ತು. ಬ್ರಿಟನ್ನಿನಲ್ಲಿ ಮಂತ್ರಿಗಳು ಪಾರ್ಲಿಮೆಂಟಿನಲ್ಲೇ ಕೂರುತ್ತಾರೆ, ಅಮೆರಿಕದಲ್ಲಿ ಅದು ಕೂಡದು; ಅಧಿಕಾರವನ್ನು ಬೇರೆ ಬೇರೆ ಕೈಗಳಲ್ಲಿ ಇಡುವುದೇ ಇಡೀ ಕಟ್ಟಡದ ಪಾಯ ಎಂದು ಕ್ಲಾಸಿನಲ್ಲಿ ಮೇಡಮ್ಮು ಹೇಳಿದಾಗ ಮೈ ಜುಮ್ಮೆಂದು, ದಾನಪ್ಪನೇ ಅದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದ.

"ಅದು ದೊಡ್ಡ ಸರ್ಕಾರಕ್ರೀ! ಹೋಳಿಗಿಗಲ್ಲ!" ಎಂದು ದಾನಪ್ಪ ಕೋರ್ಟಿಗೆ ಓಡಿದ.

ಕಲ್ಲಯ್ಯನವರು ಕನ್ನಡಕ ಏರಿಸಿದರು. "ಇದನ್ನ ಬರದವ್ರು ಯಾರಪ್ಪಾ?"

"ನಾನ ರೀ ಯಜಮಾನ್ರ."

"ಕುಡದು ಬರದೀಯೇನು?"

"ಛೇ, ಇಲ್ರೀ."

"ಹಂಗಾದ್ರ ಬರದದ್ದು ಬರದಂಗ."

ತಿದ್ದುಪಡಿ ತಂದರಾಯಿತೆಂದು ದಾನಪ್ಪ ಕೆಳಸಭೆಯ ಮುಂದೆ ನಿಂತ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲಮು ಇದ್ದರೆ ಹೆಂಗಸರು ತಮ್ಮನ್ನು ಕರೆದು ಈರುಳ್ಳಿ ಹೆಚ್ಚಿಸುವ ಹಾಗಿಲ್ಲ, ಪಾತ್ರೆ ತೊಳೆಸುವ ಹಾಗಿಲ್ಲ. "ಇಂಥ ಪವಿತ್ರವಾದ ದಾಖಲೆಗೆ ಕೈ ಹಚ್ಚೋದಾ ಸಾರ್?" ಎಂದ ಸಂದೀಪ್. ಒಂದು ಕೈಯೂ ಮೇಲೇಳಲಿಲ್ಲ.

ದಾನಪ್ಪ ಪರದೆ ಸರಿಸಿ ಹೆಂಡತಿಯ ಹತ್ತಿರ ಹೋಗಿ ದನಿ ತಗ್ಗಿಸಿದ. "ನೀಲಾ, ನೀ ಒಬ್ಬಾಕಿ ರಾಜೀನಾಮಿ ಕೊಟ್ಟಬಿಡು. ಸಾಕು. ಹೋಳಿಗಿ ಆಕ್ಕಾವು."

ನೀಲವ್ವ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ನಿಧಾನವಾಗಿ ಹೆಗಲ ಮೇಲೆ ಹಾಕಿಕೊಂಡಳು.

"ಆರ ವರ್ಷ ಆತ್ರೀ ಈ ಬಳಗಕ್ಕ ಬಂದು. ನೀವು ಹೊರಗ ಭಾಷಣಾ ಕೇಳೂದು, ನಾವು ಒಳಗ ಕಣಕಾ ನಾದೂದು. ಈ ಹಾಲಿನ ಗ್ವಾಡಿಗೆ ಯಾವ ಬಣ್ಣ ಐತಿ ಅನ್ನೂದು ನಾ ಇವತ್ತ ನೋಡೀನಿ. ಕುರ್ಚಿ ಕೊಟ್ಟವ್ರು ನೀವ. ಈಗ ಏಳು ಅಂತೀರೇನು?"

ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಶೋಭಾ ಆಕೆಯ ಕೈ ಹಿಡಿದು ಪಕ್ಕದಲ್ಲಿ ಕೂತರು. ಮೇಲ್ಸಭೆಯಲ್ಲಿ ಉತ್ತರ, ದಕ್ಷಿಣ ಎರಡೂ ಒಂದಾಗಿದ್ದವು.

ಕಾನೂನು ಜಾರಿ ಮಾಡಬೇಕಾದವರು ಅಧ್ಯಕ್ಷರು. ಅವರು ಸಹಾಯಕ್ಕೆ ಒಬ್ಬನನ್ನು ನೇಮಿಸಬಹುದು, ಮೇಲ್ಸಭೆ ಒಪ್ಪಿದರೆ. ಯಾವ ಸಭೆಯಲ್ಲೂ ಕೋರ್ಟಿನಲ್ಲೂ ಇಲ್ಲದ ವಯಸ್ಕ ಇಡೀ ಹಾಲಿನಲ್ಲಿ ಒಬ್ಬನೇ ಇದ್ದ. ಹೆಸರು ಓದಿದ ಕೂಡಲೇ ಹನ್ನೆರಡೂ ಕೈ ಎದ್ದವು. ಎಲ್ಲಕ್ಕಿಂತ ಮೇಲೆ ಎದ್ದದ್ದು ನೀಲವ್ವನದು.

ಮುಂದಿನ ನಾಲ್ಕು ಗಂಟೆ ಆ ಅಡುಗೆಮನೆಯಲ್ಲಿ ನಡೆದದ್ದನ್ನು ವಿವರವಾಗಿ ಬರೆಯುವುದು ನನ್ನಿಂದಾಗದು. ನರಸಿಂಹಮೂರ್ತಿಗೆ ಗೊತ್ತಿದ್ದ ಅಡುಗೆ ಚಹಾ ಒಂದೇ. ಬೇಳೆ ಬೇಯುವ ಮೊದಲೇ ಹುಣಸೆಹುಳಿ ಸುರಿದರು. ಬೇಳೆ ಬೇಯಲೇ ಇಲ್ಲ. ದಾನಪ್ಪನ ಹೋಳಿಗೆ ಹೆಂಚಿಗೆ ಬಿದ್ದೊಡನೆ ಬಾಯಿಬಿಟ್ಟು ಹೂರಣ ಕಕ್ಕುತ್ತಿತ್ತು. ಬೆಲ್ಲ ಹತ್ತಿದ ಹೊಗೆಗೆ ಗೋಡೆಯ ಅಲಾರಂ ಕಿರುಚಿಕೊಂಡಿತು. ಅವನು ಸ್ಟೂಲು ಹತ್ತಿ ಪಂಚೆಯ ಚುಂಗಿನಿಂದ ಗಾಳಿ ಹಾಕಿದ. ಬಾಗಿಲಲ್ಲಿ ಮೇಲ್ಸಭೆಯ ತನಿಖಾ ಸಮಿತಿ ಚಹಾ ಕುಡಿಯುತ್ತ ನಿಂತಿತ್ತು.

"ಉರಿ ಸಣ್ಣ ಮಾಡ್ರಿ" ಎಂದಳು ನೀಲವ್ವ.

"ನೀನ ಮಾಡಬಾರದೇನು?"

"ಸಲಹಾ ಕೊಡಬಹುದು. ಕೈ ಹಚ್ಚಂಗಿಲ್ಲ."

ಐದೂವರೆಗೆ ಊಟ ಬಡಿಸಿದರು. ಬೆಳಗಿನಿಂದ ಹಸಿದಿದ್ದವರಿಗೆ ಅರೆಬೆಂದ ಭಾತೂ ಅಮೃತವಾಯಿತು. ಹೋಳಿಗೆ ಒಡೆದಿದ್ದವು, ಕರಕಾಗಿದ್ದವು, ಆದರೂ ಒಳಗಿದ್ದದ್ದು ನೀಲವ್ವನ ಕೈಯ ಹೂರಣ. ಬೆಂಗಳೂರಿನವರು ಮೊದಲ ತುತ್ತಿಗೆ ಹುಬ್ಬೇರಿಸಿದರು, ಎರಡನೇ ತುತ್ತಿಗೆ ಇನ್ನೊಂದು ಕೇಳಿದರು. ಮಕ್ಕಳು ಬುಟ್ಟಿಗೇ ಕೈ ಹಾಕಿದವು. ಬಡಿಸುವವನ ಸರದಿ ಕೊನೆಗೆ ತಾನೇ? ದಾನಪ್ಪ ತಟ್ಟೆ ಹಿಡಿದು ಬರುವಷ್ಟರಲ್ಲಿ ಬುಟ್ಟಿಯಲ್ಲಿ ಬರೀ ಕಾಗದ ಉಳಿದಿತ್ತು. ಏಳನೇ ವರ್ಷವೂ ಅವನಿಗೆ ಬಿಸಿಬೇಳೆಭಾತೇ, ಅದೂ ತಳ ಹತ್ತಿದ್ದು.

ಅವನು ನರಸಿಂಹಮೂರ್ತಿಯ ಪಕ್ಕದಲ್ಲಿ, ಹಿಟ್ಟು ಮೆತ್ತಿದ ತೋಳಿನಲ್ಲೇ, ಕುಸಿದು ಕೂತ. ಸಂದೀಪ್ ಚಮಚದಿಂದ ಲೋಟ ಬಡಿದು ಎದ್ದು ನಿಂತ.

"ಎರಡೂ ಸಭೆಗಳು ಈಗಷ್ಟೇ ಒಂದು ಮಸೂದೆ ಪಾಸ್ ಮಾಡಿವೆ. ಇವತ್ತಿನ ವ್ಯವಸ್ಥೆ ಎಲ್ಲರಿಗೂ ತುಂಬಾ ಹಿಡಿಸಿರೋದ್ರಿಂದ, ಗಣಪತಿ ಹಬ್ಬ, ದೀಪಾವಳಿ, ರಾಜ್ಯೋತ್ಸವಕ್ಕೂ ಇದೇ ಮುಂದುವರೀಲಿ ಅಂತ."

"ವೀಟೋ! ವೀಟೋ!" ನರಸಿಂಹಮೂರ್ತಿ ಬಾಯಲ್ಲಿದ್ದ ಭಾತಿನ ಸಮೇತ ಕೂಗಿದರು. ಕೈಗಳು ಎದ್ದವು. ವೀಟೋ ಬಿದ್ದುಹೋಯಿತು.

ಕೋಪ ಬರಬೇಕಿದ್ದ ದಾನಪ್ಪನಿಗೆ ಬಂದದ್ದು ಮತ್ತದೇ ಬೆರಗು. ಕಟ್ಟಿದವನನ್ನೂ ಬಿಡದ ಯಂತ್ರ! ಇದಕ್ಕಿಂತ ಪಕ್ಕಾ ಕೆಲಸ ಮನುಷ್ಯರು ಇನ್ನೇನು ಮಾಡಿಯಾರು ಎಂದು ತಲೆದೂಗುತ್ತಾ ಬೇಯದ ಬೇಳೆ ಅಗಿದ.

"ದಾನಪ್ಪನೋರೇ" ಎಂದರು ನರಸಿಂಹಮೂರ್ತಿ ಸೋತ ದನಿಯಲ್ಲಿ, "ಅಧ್ಯಕ್ಷರ ಅವಧಿ ಎಷ್ಟು?"

"ನಾಕ ವರ್ಷ್ರೀ."

"ಅವರು ನೇಮಿಸಿದ ಸಹಾಯಕರದ್ದು?"

"ಅದಕ್ಕ ಅವಧಿ ಇಲ್ರೀ. ಅಧ್ಯಕ್ಷರು ಮನಸ್ಸು ಮಾಡಿ ತಗದ ಹಾಕೂ ತನಕಾ."

ನರಸಿಂಹಮೂರ್ತಿ ಬೆಂದ ಬೆರಳನ್ನು ನೀರಿನ ಲೋಟದಲ್ಲಿ ಅದ್ದಿಕೊಂಡು, ಇನ್ನೊಂದು ಕೈಯಿಂದ ದಾನಪ್ಪನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಾನಂತೂ ತೆಗೆಯಲ್ಲ" ಎಂದರು.