ಬೀಸೋಕಲ್ಲಿನ ಮೇಲೆ ಸಮುದ್ರ

ಸಮುದ್ರವನ್ನೇ ಕಾಣದ ಬಿಜಾಪುರದಲ್ಲಿ ಸಮುದ್ರದ ಪಾಠ ಹೇಳುವ ಮಾಸ್ತರನನ್ನು ಕಟ್ಟಿಕೊಂಡವಳ ಮನೆಯಲ್ಲಿ ನಗುವಿಗೆ ಕೊರತೆಯಿಲ್ಲ. ಆ ವರ್ಷ ಇನ್ಸ್‌ಪೆಕ್ಟರ್ ಸಾಹೇಬರು ಪಾಠ ನೋಡಲು ಬರುವವರಿದ್ದರು. ಮೆಚ್ಚಿದರೆ ನಮ್ಮವರ ನೌಕರಿ ಖಾಯಂ, ಇಲ್ಲದಿದ್ದರೆ ಗಂಟುಮೂಟೆ.

೧. ಉಪ್ಪು

ನೋಡಿದರೆ ಉಪ್ಪಿನ ಗಡಿಗೆ ಖಾಲಿ. ನಮ್ಮವರು ಅಂಗಳದಲ್ಲಿ ಕೂತು ಸಣ್ಣ ಪರಾತದ, ಅಂದರೆ ಅಂಚಿನ ಅಗಲ ತಟ್ಟೆಯ, ನೀರಿಗೆ ಉಪ್ಪು ಕಲಸುತ್ತಿದ್ದರು.

"ಏನ್ರಿ ಇದು?"

"ಸಮುದ್ರ. ದಂಡಿಗೆ ಮಸಿ ಹಾಕಿದ ಸಿಹಿನೀರು ಬಿಡತೇನಿ, ಅದು ನದಿ. ಭೂಮಿ ತಿರುಗತೈತಲ್ಲ, ಅದಕ್ಕ ನದಿ ನೀರು ಸಮುದ್ರದಾಗ ನೆಟ್ಟಗ ಹೋಗೂದಿಲ್ಲ. ಬಲಕ್ಕ ಹೊರಳಿ ದಂಡಿ ಹಿಡಕೊಂಡ ಹರೀತೈತಿ."

"ನೀವೂ ಸಾಲಿ ಬಿಟ್ಟ ಮ್ಯಾಲೆ ನೆಟ್ಟಗ ಮನಿಗೆ ಬಂದಿದ್ದ ನಾ ಕಂಡಿಲ್ಲ. ಚಾದಂಗಡಿ ಕಡೆ ಹೊರಳತೀರಿ. ಅದಕ್ಕೂ ಭೂಮೀನ ಕಾರಣೇನ್ರಿ?"

ಅಂದು ಸಾರು ಸಪ್ಪೆ. ಮಾಸ್ತರರು ಎರಡು ಸಲ ಬಡಿಸಿಕೊಂಡು ಉಂಡರು.

೨. ಅಲೆ

ನದಿ ಬಿದ್ದಲ್ಲಿ ಸಮುದ್ರ ಕದಡಿದರೆ, ನೀರು ಅಲ್ಲೇ ಉಳಿದರೂ ಅದರ ಸುದ್ದಿ ದೊಡ್ಡ ಅಲೆಯಾಗಿ ಸಾವಿರಾರು ಮೈಲಿ ಪಶ್ಚಿಮಕ್ಕೆ ನಡೆಯುತ್ತದೆ ಎಂದರು ನಮ್ಮವರು. ನಾನು ನಂಬಲಿಲ್ಲ. "ನಮ್ಮವರಿಗೆ ಬರೇ ಸಮುದ್ರದ್ದ ಧ್ಯಾನ" ಎಂದು ಪಕ್ಕದ ಮನೆಯಾಕೆಯ ಮುಂದೆ ನಕ್ಕೆ, ಅಷ್ಟೆ. ಮೂರನೆಯ ದಿನ ನಮ್ಮ ಪಶ್ಚಿಮಕ್ಕಿರುವ ಟಿಕೋಟಾದಿಂದ ನನ್ನಪ್ಪ ಜೋಳದ ಚೀಲ ಹೊತ್ತು ಬಂದ.

"ಅಳಿಯಂದ್ರಿಗೆ ಸಮುದ್ರದ ದಂಡಿಗೆ ವರ್ಗ ಆಗೇತಂತಲ್ಲ ಯವ್ವಾ! ಅಲ್ಲಿ ಬರೇ ಮೀನಂತ. ನಿನ್ನ ಕೂಸು ಏನ ತಿನ್ನಬೇಕು?"

ನಮ್ಮವರು ನನ್ನತ್ತ ತಿರುಗಿದರು. "ಸಮುದ್ರದ ಅಲೆ ಆಚೀ ದಂಡಿ ಮುಟ್ಟಾಕ ವರ್ಷಗಟ್ಟಲೆ ಹಿಡೀತೈತಿ. ನಿನ್ನ ಅಲೆಗೆ ಮೂರ ದಿನಾ ಸಾಕಾತ ನೋಡು!"

೩. ಭೂಮಿ

ಸಮುದ್ರವಾಯಿತು, ಭೂಮಿ ತಿರುಗಬೇಕಲ್ಲ? ಪರಾತವನ್ನು ಬೀಸೋಕಲ್ಲಿನ ಮೇಲೆ ನಟ್ಟನಡುವೆ ಇಟ್ಟರು. ನಮ್ಮವರು ತಿರುಗಿಸಿದರೆ ಭೂಕಂಪ. ನೀರು ಕದಲದಂತೆ ತಿರುಗಿಸುವ ಕೈ ಬಬಲೇಶ್ವರದ ನಮ್ಮತ್ತೆಯದೊಂದೇ; ಅವರನ್ನು ಕರೆಸಿದೆವು. ಹೀಗಾಗಿ ಪಾಠದ ದಿನ ಟಾಂಗಾದಲ್ಲಿ ಬೀಸೋಕಲ್ಲು, ಅತ್ತೆ, ಕೂಸು, ನಾನು ಎಲ್ಲರೂ ಸಾಲೆಗೆ ಹೋದೆವು.

ಅತ್ತೆ ಗೂಟ ಹಿಡಿದು ತಿರುಗಿಸಿದರು. ನಮ್ಮವರು ದಂಡೆಯಲ್ಲಿ ಮಸಿನೀರು ಬಿಟ್ಟರು. ಸಾಹೇಬರ ಮುಂದೆಯೇ ಅದು ಎಡಕ್ಕೆ ಹೊರಳಿತು! ನಮ್ಮವರ ಮುಖ ಸುಣ್ಣವಾಯಿತು.

"ಅವ್ವಾ, ಭೂಮಿ ಹಂಗ ತಿರುಗೂದಿಲ್ಲ!"

"ನಲವತ್ತ ವರ್ಷ ಹಿಂಗ ಬೀಸೇನಿ. ಭೂಮಿಗೆ ತಿಳೀದಿದ್ರ ನಾ ಏನ ಮಾಡ್ಲಿ?"

"ಉಲ್ಟಾ ತಿರುಗಸಬೇ, ನನ್ನ ನೌಕರಿ ಹೋಗತೈತಿ!"

"ಉಲ್ಟಾ ಅಂದ್ರ ಎದುರಿಗೊಂದ ಕೈ ಬೇಕು. ಸುಮ್ಮ ಕುಂತೀರಲ್ಲ ಸಾಹೇಬ್ರ, ಬರ್ರಿ, ಗೂಟಾ ಹಿಡೀರಿ."

ಸಾಹೇಬರು ಕೋಟು ಕಳಚಿ ನೆಲಕ್ಕೆ ಕೂತೇಬಿಟ್ಟರು. ಇಬ್ಬರೂ ತಿರುಗಿಸಿದರು. ಈ ಸಲ ಮಸಿ ಬಲಕ್ಕೆ ಹೊರಳಿ, ದಂಡೆ ಹಿಡಿದು ಹರಿಯಿತು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು.

ಸಾಹೇಬರು ಬೆವರು ಒರೆಸಿಕೊಳ್ಳುತ್ತ, "ನಿಮ್ಮ ಮಗ ಪಾಸ್ ಆದ್ರು ಯವ್ವಾ. ನೌಕರಿ ಖಾಯಂ" ಎಂದರು.

ಅತ್ತೆ ಅವರ ಅಂಗೈಯ ಬೊಬ್ಬೆ ನೋಡಿ ತಲೆಯಾಡಿಸಿದರು. "ಅವಂದ ಆತ್ರಿ. ನಿಮ್ಮನ್ನ ಮಾತ್ರ ನಾ ಪಾಸ್ ಮಾಡಾಂಗಿಲ್ಲ. ನಾಳೆ ಮುಂಜಾನೆ ಮನಿಗೆ ಬರ್ರಿ, ಬೀಗರು ತಂದ ಜ್ವಾಳದ ಚೀಲ ಬೀಸೂದೈತಿ."