ಹಳೇ ಸಾಮಾನು ವಾಪಸ್ ಬಂದಾಗ

ಹೊಸ ವಸ್ತು ಮಾರುವವರಿಗೆ ಗಿರಾಕಿಗಳ ಕಾಟ ವರ್ಷವಿಡೀ ಒಂದೇ ತರಹ ಇರುತ್ತದೆ. ಹಳೇ ವಸ್ತು ಮಾರುವವರಿಗೆ ಮಾತ್ರ ಅದು ವಾರಕ್ಕೊಂದು ವೇಷ ಕಟ್ಟಿಕೊಂಡು ಬರುತ್ತದೆ.

ಕುಂದಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ನಾನು ಈ ಕಸುಬಿಗೆ ಬಿದ್ದದ್ದು ನನ್ನ ಗಂಡನ ದೆಸೆಯಿಂದ. ಅವರಿಗೆ ಹಳೇ ನಾಣ್ಯ, ಅಂಚೆಚೀಟಿ, ಹಿತ್ತಾಳೆ ಪಾತ್ರೆ ಒಟ್ಟುಹಾಕುವ ಹುಚ್ಚು. ಎರಡು ಸಾವಿರದ ಹನ್ನೊಂದರ ಸುಮಾರಿಗೆ ಮನೆಯಲ್ಲಿ ಕಾಲು ಚಾಚಲು ಜಾಗ ಇಲ್ಲದಂತಾದಾಗ, "ಒಂದೋ ಇವು ಹೋಯ್ಕ್, ಇಲ್ಲ ನಾನ್ ಹೋಯ್ಕ್" ಅಂದೆ. ಅವರು ಸ್ವಲ್ಪ ಯೋಚನೆ ಮಾಡಿದರು. ಹಾಗೆ ಯೋಚನೆ ಮಾಡಿದ್ದನ್ನು ನಾನಿನ್ನೂ ಮರೆತಿಲ್ಲ.

ಕೊನೆಗೆ ಒಂದು ಆನ್‌ಲೈನ್ ಕಂಪನಿಯಲ್ಲಿ ಹೆಸರು ನೋಂದಾಯಿಸಿ ಮಾರಲು ಶುರುಮಾಡಿದೆವು. ಫೋಟೋ ಹಾಕುವುದು, ಪಾರ್ಸೆಲ್ ಕಟ್ಟುವುದು, ತಕರಾರಿಗೆ ಉತ್ತರ ಕೊಡುವುದು ನನ್ನ ಪಾಲು. ಪಾರ್ಸೆಲ್ ಹೊರಡುವಾಗ ನಿಟ್ಟುಸಿರು ಬಿಡುವುದು ಅವರ ಪಾಲು. ಕೊಂಡವರು ಹತ್ತು ದಿನದೊಳಗೆ ಕಾರಣ ಬರೆದು ವಸ್ತುವನ್ನು ವಾಪಸ್ ಮಾಡಬಹುದು ಅಂತ ಕಂಪನಿಯ ನಿಯಮ. ಕಾರಣ ನಿಜವಿರಬೇಕು ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ತೊಳೆದ ನಾಣ್ಯ

ನೂರು ವರ್ಷ ಹಿಂದಿನ ಒಂದು ತಾಮ್ರದ ನಾಣ್ಯ ಮಾರಿದೆವು. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆ ಕಪ್ಪೇ ಅದರ ಜಾತಕ, ತಿಳಿದವರು ಅದಕ್ಕೇ ಬೆಲೆ ಕೊಡುವುದು. ಕೊಂಡವರು ದೊಡ್ಡ ಹುದ್ದೆಯ ಮನುಷ್ಯ ಇರಬೇಕು, ಫೋನಿನಲ್ಲೂ ಕುರ್ಚಿಯ ಮೇಲೆ ಕೂತ ಹಾಗೆಯೇ ಮಾತಾಡುತ್ತಿದ್ದರು. ನಾಲ್ಕೇ ದಿನಕ್ಕೆ ದೂರು ಬಂತು: "ನಕಲಿ ಮಾಲು. ನಾಣ್ಯ ಹೊಚ್ಚ ಹೊಸದಾಗಿ ಹೊಳೆಯುತ್ತಿದೆ."

ಫೋನ್ ಮಾಡಿದೆ. "ನಾವು ಕಳಿಸುವಾಗ ಅದು ಕಪ್ಪಗಿತ್ತಲ್ಲ?"

"ಹೌದು, ಕಪ್ಪಗಿತ್ತು. ಕೊಳೆ ಅಂತ ನಮ್ಮ ಮನೆಯವರು ಹುಣಸೆಹಣ್ಣು ಹಾಕಿ ತಿಕ್ಕಿದರು. ತಿಕ್ಕಿದ ಮೇಲೆಯೇ ಗೊತ್ತಾಗಿದ್ದು, ಇದು ಹೊಸದು ಅಂತ."

"ನಿಮ್ಮ ಅಜ್ಜನವರಿಗೂ ಒಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿ ನೋಡಿ, ಮದುಮಗ ಆಗುತ್ತಾರೋ ಏನೋ" ಅಂದೆ.

ದುಡ್ಡು ಅವರಿಗೇ ವಾಪಸ್ ಹೋಯಿತು. ಜೊತೆಗೆ ದೂರಿಗೆ ಇನ್ನೊಂದು ಸಾಲು ಸೇರಿತು: "ಮಾರುವವರು ಗಿರಾಕಿಯ ಹಿರಿಯರನ್ನು ಎಳೆದು ತರುತ್ತಾರೆ."

ಬಳಸದೇ ಇದ್ದ ಪನ್ನೀರುದಾನಿ

ಹಳೇ ಕಾಲದ ಒಂದು ಜೊತೆ ಪನ್ನೀರುದಾನಿಯನ್ನು ಬ್ರಹ್ಮಾವರದ ಒಬ್ಬ ಯಜಮಾನರು ಕೊಂಡರು. ಬ್ರಹ್ಮಾವರದಿಂದ ಬಸ್ ಹತ್ತಿದರೆ ನಮ್ಮ ಮನೆ ಮಹಾ ಎಷ್ಟು ಹೊತ್ತಿನ ದಾರಿ? ಬಂದು ಕೈಯಲ್ಲಿ ಹಿಡಿದುಕೊಂಡು ಹೋಗಬಹುದಿತ್ತು. ಕೈಯಲ್ಲಿ ಕೊಂಡದ್ದನ್ನು ಹತ್ತು ದಿನದಲ್ಲಿ ವಾಪಸ್ ಕೊಡಲಿಕ್ಕಾಗುವುದಿಲ್ಲ ಎಂಬ ಸೂಕ್ಷ್ಮ ನನಗೆ ಆಗ ಹೊಳೆದಿರಲಿಲ್ಲ.

ಆ ಭಾನುವಾರ ಸಾಲಿಗ್ರಾಮದಲ್ಲಿ ಒಂದು ಮದುವೆ. ಗಂಡಿನ ಕಡೆಯವರು ನನ್ನ ಅಂಗಡಿಯ ಹಳೇ ಗಿರಾಕಿಗಳು, ಹಾಗಾಗಿ ಹೋಗಿದ್ದೆ. ಹಾಲ್‌ನ ಬಾಗಿಲಲ್ಲಿ ಹೆಣ್ಣಿನ ಅಪ್ಪ ನಿಂತು ಬಂದವರಿಗೆಲ್ಲ ಪನ್ನೀರು ಚಿಮುಕಿಸುತ್ತಿದ್ದರು. ಕೈಯಲ್ಲಿದ್ದ ಪನ್ನೀರುದಾನಿಯ ಕುತ್ತಿಗೆಯ ಹತ್ತಿರ ಒಂದು ಜಜ್ಜು. ಆ ಜಜ್ಜಿನ ಫೋಟೋವನ್ನು ನಾನೇ ಮೂರು ಕಡೆಯಿಂದ ತೆಗೆದು ಹಾಕಿದ್ದೆ. ಕರೆಯೋಲೆ ತೆಗೆದು ನೋಡಿದರೆ ಹೆಣ್ಣಿನ ಅಪ್ಪನದು ನಾನು ಪಾರ್ಸೆಲ್ ಮೇಲೆ ಬರೆದಿದ್ದ ಹೆಸರೇ. ಅವರಿಗೆ ನನ್ನ ಗುರುತಿಲ್ಲ. ಧಾರಾಳವಾಗಿ ಮೂರು ಸಲ ಚಿಮುಕಿಸಿದರು.

ಮಂಗಳವಾರ ದೂರು ಬಂತು: "ಬಳಸಿಲ್ಲ. ನಮ್ಮ ಮನೆಗೆ ಹೊಂದುವುದಿಲ್ಲ."

"ಬಳ್ಸಲೇ ಇಲ್ಯಾ?" ಅಂತ ಫೋನಿನಲ್ಲಿ ಕೇಳಿದೆ.

"ಡಬ್ಬಿಯೇ ಬಿಚ್ಲಿಲ್ಲ ಮಾರಾಯ್ರೆ."

"ಹಾಂಗಾರೆ ಭಾನುವಾರ ಸಾಲಿಗ್ರಾಮದಗೆ ನನ್ ಹಸ್ರ್ ಸೀರೆ ಮೇಲೆ ಮೂರ್ ಸಲ ಬಿದ್ದದ್ದ್ ಎಂತ?"

"ಅದ್, ತೂತ್ ಕಟ್ಟಿತ್ತಾ ಅಂದೇಳಿ ಕಂಡದ್ದ್."

"ಕಟ್ಟಿತ್ತಾ?"

"ಇಲ್ಲ, ಲಾಯ್ಕ್ ಬತ್ತಿತ್ತ್."

"ಮತ್ತೆ ವಾಪಸ್ ಎಂತಕೆ?"

"ನಮ್ಗಿನ್ನ್ ಮದಿ ಮಾಡುಕೆ ಹೆಣ್ಮಕ್ಳಿಲ್ಲ ಅಲ್ದಾ" ಅಂದರು, ತಪ್ಪು ನನ್ನದೇ ಎನ್ನುವ ಧ್ವನಿಯಲ್ಲಿ.

ಇಲ್ಲದ್ದರ ಫೋಟೋ

ಒಬ್ಬರು ಹಳೇ ಶಾಯಿ ಪೆನ್ನು ಕೊಂಡು, ಬೇಡ ಅಂತ ವಾಪಸ್ ಕಳಿಸಿದರು. ಡಬ್ಬಿ ಬಿಚ್ಚಿದರೆ ಒಳಗೆ ಪೆನ್ನು ಇಲ್ಲ, ಅದನ್ನು ಸುತ್ತಿದ ಹತ್ತಿ ಮಾತ್ರ ಇತ್ತು. ಕಂಪನಿಯ ದೂರು ವಿಭಾಗಕ್ಕೆ ಬರೆದೆ. ಉತ್ತರ ಬಂತು: "ತೊಂದರೆಗೆ ವಿಷಾದಿಸುತ್ತೇವೆ. ದಯವಿಟ್ಟು ಬಾರದೇ ಇರುವ ವಸ್ತುವಿನ ಫೋಟೋ ಕಳಿಸಿ."

ಎರಡು ಸಲ ಓದಿದೆ. ಆಮೇಲೆ ಮೇಜನ್ನು ಚೆನ್ನಾಗಿ ಒರೆಸಿ, ಖಾಲಿ ಮೇಜಿನ ಒಂದು ಫೋಟೋ ತೆಗೆದು ಕಳಿಸಿದೆ.

ಮರುದಿನ ಮತ್ತೆ ಉತ್ತರ ಬಂತು: "ಫೋಟೋದಲ್ಲಿ ವಸ್ತು ಸ್ಪಷ್ಟವಾಗಿ ಕಾಣುತ್ತಿಲ್ಲ. ಹೆಚ್ಚು ಬೆಳಕಿನಲ್ಲಿ ತೆಗೆದು ಕಳಿಸಿ."

ಗೋಂದು ಚೆನ್ನಾಗಿದೆ

ಸ್ವಾತಂತ್ರ್ಯಕ್ಕೂ ಮೊದಲಿನ, ರಾಜನ ತಲೆ ಇರುವ, ಒಮ್ಮೆಯೂ ಬಳಸದ ಅಂಚೆಚೀಟಿ ಒಂದಿತ್ತು. ಹಿಂದಿನ ಗೋಂದು ಕೂಡ ಹಾಗೇ ಇದ್ದದ್ದು. ನನ್ನ ಗಂಡ ಅದನ್ನು ಚಿಮುಟಿಗೆಯಲ್ಲಿ ಬಿಟ್ಟು ಕೈಯಲ್ಲಿ ಮುಟ್ಟಿದವರಲ್ಲ. ಬೈಂದೂರಿನ ಒಬ್ಬ ವ್ಯಾಪಾರಿ ಅದನ್ನು ಕೊಂಡು, ವಾರದೊಳಗೆ "ಬೇಡ, ವಾಪಸ್ ಕಳಿಸುತ್ತೇನೆ" ಅಂದರು.

ಪೋಸ್ಟ್‌ಮ್ಯಾನ್ ಒಂದು ಕವರ್ ಹಿಡಿದು ಬಂದರು. "ಅಕ್ಕಾ, ಇದಕ್ಕೆ ಈಗ ನಡೆಯದ ಸ್ಟ್ಯಾಂಪ್ ಹಚ್ಚಿದ್ರ್. ದಂಡ ಕೊಡ್ಕ್" ಅಂದರು. ಕೊಟ್ಟೆ. ಕವರ್ ಒಳಗೆ "ಧನ್ಯವಾದ" ಅಂತ ಬರೆದ ಒಂದು ಚೀಟಿ ಬಿಟ್ಟರೆ ಏನೂ ಇಲ್ಲ.

ವ್ಯಾಪಾರಿಗೆ ಫೋನ್ ಮಾಡಿ, "ಅಂಚೆಚೀಟಿ ಎಲ್ಲಿ ಸ್ವಾಮಿ?" ಅಂದೆ.

"ಕವರಿನ್ ಮೇಲೇ ಇತ್ತಲೆ, ಕಾಣಿ" ಅಂದರು. "ಒಳ್ಗೆ ಹಾಕ್ರೆ ಅದ್ಕ್ ಬೇರೆ ಸ್ಟ್ಯಾಂಪ್ ಹಚ್ಕಲ್ದಾ? ಎರಡ್ ಖರ್ಚ್ ಎಂತಕೆ ಅಂದೇಳಿ."

ಕವರ್ ತಿರುಗಿಸಿ ನೋಡಿದೆ. ರಾಜನ ಮೂಗಿನ ಮೇಲೆ ಸರಿಯಾಗಿ ಬೈಂದೂರಿನ ಮೊಹರು ಬಿದ್ದಿತ್ತು. ನನ್ನ ಗಂಡ ಆ ದಿನ ಊಟ ಬೇಡ ಅಂದರು. ವ್ಯಾಪಾರಿ ಫೋನ್ ಇಡುವ ಮೊದಲು ಒಂದು ಸಮಾಧಾನವನ್ನೂ ಹೇಳಿದ್ದರು: "ಗೋಂದ್ ಮಾತ್ರ ಭಾರೀ ಗಟ್ಟಿ ಇತ್ತ್ ಅಕ್ಕಾ. ಎಷ್ಟ್ ವರ್ಷ ಆದ್ರೂ ಹಿಡೀತ್."

ಮುಳುಗುವ ದೋಣಿ

ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಒಬ್ಬ ಹಿರಿಯರಿದ್ದರು. ವಯಸ್ಸಾದ ಮೇಲೆ ದೊಡ್ಡ ದೋಣಿಯ ಕೆಲಸ ಬಿಟ್ಟು, ಹಳೇ ಹಾಯಿದೋಣಿಗಳದ್ದೇ ಮೊಳದುದ್ದದ ಮಾದರಿ ಮಾಡುತ್ತಿದ್ದರು. ವರ್ಷಕ್ಕೆ ಎರಡೋ ಮೂರೋ, ಅಷ್ಟೇ. ಹಲಗೆಗೆ ಹಲಗೆ ಕೂಡಿಸಿ ಹಗ್ಗದಿಂದ ಹೊಲಿದ, ಸಂದಿಗೆ ಎಣ್ಣೆ ಕುಡಿಸಿದ ನಿಜವಾದ ಕೆಲಸ. ಸಂಗ್ರಹಕಾರರು ಗಾಜಿನ ಪೆಟ್ಟಿಗೆಯಲ್ಲಿಡಲಿಕ್ಕೆ ಕೊಳ್ಳುತ್ತಿದ್ದರು. ಅವನ್ನು ನಾನೇ ಮಾರಿಸಿಕೊಡುತ್ತಿದ್ದೆ.

ಘಟ್ಟದ ಮೇಲಿನ ಊರಿನ ಒಬ್ಬ ಮಹಾಶಯರು ಒಂದನ್ನು ಕೊಂಡು ದೂರು ಹಾಕಿದರು: "ನೀರಿನಲ್ಲಿ ಮುಳುಗುತ್ತದೆ." ಜೊತೆಗೆ ಸಾಕ್ಷಿಗೆ ಒಂದು ಫೋಟೋ. ಬಚ್ಚಲಿನ ನೀರಿನ ತೊಟ್ಟಿ, ಅದರ ತಳದಲ್ಲಿ ದೋಣಿ, ದೋಣಿಯ ಒಳಗೆ ಒಂದು ಕುಟ್ಟಾಣಿ. ಭಾರ ತಡೆಯುತ್ತದೋ ಅಂತ ಪರೀಕ್ಷೆ ಮಾಡಿದ್ದಂತೆ. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡವರ ಬುದ್ಧಿ.

ದೋಣಿ ವಾಪಸ್ ಬಂತು. ತೀರ್ಮಾನ ಆಗುವವರೆಗೆ ದುಡ್ಡನ್ನು ಕಂಪನಿ ತಡೆಹಿಡಿಯಿತು. ಹಿರಿಯರಿಗೆ ಹೇಳಲು ಮನಸ್ಸಾಗದೆ ನಾನು ಎರಡು ದಿನ ಸುಮ್ಮನಿದ್ದೆ. ಕೊನೆಗೆ ಹಂಗಾರಕಟ್ಟೆಗೆ ಹೋಗಿ ದೋಣಿಯನ್ನು ಅವರ ಜಗಲಿಯ ಮೇಲಿಟ್ಟೆ.

"ಎಂತ ತಕರಾರ್?" ಅಂದರು.

"ಮುಳುಗತ್ತ್ ಅಂಬ್ರ್."

ಅವರು ಕೈಯಲ್ಲಿದ್ದ ಉಳಿ ಕೆಳಗಿಟ್ಟು, ಕೈ ತೊಳೆದು, ಹೆಗಲಿನ ಬೈರಾಸಿನಲ್ಲಿ ಒರೆಸಿಕೊಂಡರು. ಅವರ ಕಣ್ಣು ಕೆಂಪಾದದ್ದನ್ನು ಕಂಡು ನನಗೆ ಆ ಕುಟ್ಟಾಣಿಯವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. "ನಲ್ವತ್ ವರ್ಷ ದೋಣಿ ಕಟ್ಟಿದೆ" ಅಂದರು. "ಮುಳುಗತ್ತ್ ಅಂದೇಳಿ ಇವತ್ತಿನೊರೆಗೆ ಒಬ್ಬ್ರೂ ಹೇಳ್ಲಿಲ್ಲ. ನಡೀರಿ, ಹೊಳಿಗ್ ಹೋಪ. ನೀವ್ ಫೋನಗೆ ವಿಡಿಯೋ ಹಿಡೀರಿ."

ಹೊಳೆಯ ದಡಕ್ಕೆ ಹೋದೆವು. ಅವರು ಮೊಣಕಾಲು ನೀರಿಗಿಳಿದು, ದೋಣಿಯೊಳಗೆ ಒಂದು ಸುಲಿದ ತೆಂಗಿನಕಾಯಿ ಇಟ್ಟು, ಹಾಯಿ ಬಿಚ್ಚಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ನೀರಿಗೆ ಬಿಟ್ಟರು. ದೋಣಿ ಒಮ್ಮೆ ಬಾಗಿ, ನೆಟ್ಟಗಾಗಿ ನಿಂತಿತು. ಗಾಳಿ ಬಂದು ಹಾಯಿ ಉಬ್ಬಿತು. ಹೊರಟಿತು ನೋಡಿ, ಅಷ್ಟು ಚೆಂದದ ನಡಿಗೆಯನ್ನು ನಾನು ಮನುಷ್ಯರಲ್ಲೂ ಕಂಡಿಲ್ಲ. ಹಿರಿಯರು ಕೈ ಹಿಂದೆ ಕಟ್ಟಿಕೊಂಡು ದಡದ ಮೇಲೆ ಅದರ ಜೊತೆಗೇ ನಡೆದರು. ನಾನು ವಿಡಿಯೋ ತೆಗೆಯುತ್ತ ಹಿಂದೆ ಹೋದೆ. ಬಲೆ ಸರಿಮಾಡುತ್ತಿದ್ದ ನಾಲ್ಕು ಜನ ಎದ್ದು ನಿಂತು ಕಂಡರು. ಹಿರಿಯರ ಮುಖದಲ್ಲಿ ನಗು ಬಂದಿತ್ತು.

ಸುಮಾರು ದೂರ ಹೋದ ಮೇಲೆ ಅವರು ನಿಂತರು. "ಹಗ್ಗ ನೀವ್ ಹಿಡ್ಕಂಡಿರ್ಯಾ?"

"ಎಂತ ಹಗ್ಗ? ನೀವ್ ಕಟ್ಟಿದ್ರ್ಯಾ?"

ಇಬ್ಬರೂ ಕಟ್ಟಿರಲಿಲ್ಲ. ನೀರು ಇಳಿತದ ಹೊತ್ತು. ದೋಣಿ ತೆಂಗಿನಕಾಯಿ ಸಮೇತ, ಹೊಳೆ ಕಡಲು ಸೇರುವ ಅಳಿವೆ ಬಾಗಿಲು ದಾಟಿ ಕಣ್ಣಿಗೆ ಕಾಣದಾಯಿತು.

ವಿಡಿಯೋ ಕಂಪನಿಗೆ ಕಳಿಸಿದೆ. ನಾನು ಕಂಡ ಹಾಗೆ ಆ ದೂರು ವಿಭಾಗ ಮಾರುವವರ ಪರವಾಗಿ ತೀರ್ಪು ಕೊಟ್ಟದ್ದು ಅದೊಂದೇ ಸಲ. ಕುಟ್ಟಾಣಿ ಮಹಾಶಯರೂ ಕ್ಷಮೆ ಕೇಳಿ ಬರೆದರು: "ನೋಡಿ ಬಹಳ ಸಂತೋಷವಾಯಿತು. ಬೇರೆ ಯಾವುದೂ ಬೇಡ, ವಿಡಿಯೋದಲ್ಲಿರುವ ಅದೇ ದೋಣಿ ನನಗೆ ಬೇಕು." ಕೆಳಗೆ ಕಂಪನಿಯ ಸೂಚನೆ: "ದುಡ್ಡು ನಿಮ್ಮದು. ಎರಡು ದಿನದೊಳಗೆ ವಸ್ತುವನ್ನು ಗಿರಾಕಿಗೆ ಮರಳಿ ಕಳಿಸಿ. ವಸ್ತು ಈಗ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ತಿಳಿಸಿ."

ಎಂತ ಬರೆಯಬೇಕು ಅಂತ ಹಿರಿಯರಿಗೇ ಫೋನ್ ಮಾಡಿ ಕೇಳಿದೆ.

ಅವರು ಸ್ವಲ್ಪವೂ ತಡಮಾಡಲಿಲ್ಲ. "ಅರಬ್ಬಿ ಸಮುದ್ರದಗೆ ಇತ್ತ್ ಅಂದೇಳಿ ಬರೀರಿ" ಅಂದರು. "ಇನ್ನೂ ಮುಳ್ಗಲಿಲ್ಲ ಅಂತ್ಲೂ ಬರೀರಿ."