ರಾಷ್ಟ್ರಮಟ್ಟದ ದೃಷ್ಟಿಬೊಟ್ಟು

ನನಗೊಂದು ಕಾಯಿಲೆಯಿದೆ; ವೈದ್ಯರಿಗೆ ತೋರಿಸುವಂಥದ್ದಲ್ಲ. ಎಲ್ಲಿ ಏನು ಸರಿಯಿಲ್ಲದಿದ್ದರೂ ‘ಇದಕ್ಕೆ ಯಾರು ಹೊಣೆ?’ ಎಂದು ಕೇಳದೆ ನನಗೆ ಅನ್ನ ಇಳಿಯುವುದಿಲ್ಲ. ಮೈಸೂರಿನಲ್ಲಿ ಎಂ.ಎ. ಓದುವಾಗ ಅಂಟಿಕೊಂಡ ಈ ವ್ಯಾಧಿಗೆ ಅಲ್ಲಿನ ಅಧ್ಯಾಪಕರು ‘ಉತ್ತರದಾಯಿತ್ವದ ಪ್ರಜ್ಞೆ’ ಎಂಬ ಗೌರವದ ಹೆಸರನ್ನಿಟ್ಟಿದ್ದರು. ನಮ್ಮೂರು ಸಿಂಧಘಟ್ಟದಲ್ಲಿ ಅದನ್ನೇ ನನ್ನ ಹೆಸರು ಸೇರಿಸಿ ಚಿಕ್ಕದಾಗಿ ‘ಸುಮಿ ಬಾಯಿ’ ಎನ್ನುತ್ತಾರೆ. ಒಮ್ಮೆ ಬಸ್ಸು ತಡವಾದಾಗ ನಾನು ನಿಲ್ದಾಣದ ನಟ್ಟನಡುವೆ ನಿಂತು, ಸಾರ್ವಜನಿಕ ಸಾರಿಗೆಯ ಉತ್ತರದಾಯಿತ್ವ ಯಾರದೆಂದು ಕಂಡಕ್ಟರೊಬ್ಬರನ್ನು ಪ್ರಶ್ನಿಸಿದೆ. ಆತ ಬಹಳ ಸೌಜನ್ಯದಿಂದ, “ಉತ್ರಕ್ಕೋಗೋ ಬಸ್ಸು ಆ ಕಡೆ ನಿಂತದೆ ನೋಡಮ್ಮ” ಎಂದು ಕೈ ತೋರಿಸಿದರು. ಇಂಥ ನೆಲದಲ್ಲಿ ಹೊಣೆಗಾರಿಕೆಯ ಪ್ರಶ್ನೆ ಎತ್ತುವುದು ಎಷ್ಟು ಒಂಟಿತನದ ಕೆಲಸವೆಂದು ಓದುಗರೇ ಊಹಿಸಬೇಕು.

ಸೌಂದರ್ಯ ಸ್ಪರ್ಧೆಗಳ ಕುರಿತಂತೂ ನನ್ನ ನಿಲುವು ಕಲ್ಲಿನಲ್ಲಿ ಕೆತ್ತಿದಂಥದ್ದು. ಹೆಣ್ಣಿನ ದೇಹವನ್ನು ಅಳತೆಪಟ್ಟಿಯಿಂದ ಅಳೆದು, ಆ ಅಳತೆಗೆ ಕಿರೀಟ ತೊಡಿಸಿ, ಕಿರೀಟದ ಹಿಂದೆ ಮುಲಾಮು ಮಾರುವ ವ್ಯಾಪಾರ ಅದು ಎಂದು ಒಂದು ಪತ್ರಿಕೆಗೆ ಉರಿಯುವ ಲೇಖನವನ್ನೇ ಬರೆದಿದ್ದೆ. ಅದನ್ನು ಪೂರ್ತಿ ಓದಿದವಳು ನನಗೆ ತಿಳಿದಂತೆ ಒಬ್ಬಳೇ: ಬಿಂಡಿಗನವಿಲೆಯ ನಮ್ಮ ಚಿಕ್ಕಪ್ಪನ ಮಗಳು ರಂಜಿತಾ. ಬಿ.ಕಾಂ. ಮುಗಿಸಿ ನಾಗಮಂಗಲದ ಒಂದು ಟ್ರಾಕ್ಟರು ಮಾರುವ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗಿ. ಕೆಲವು ತಿಂಗಳ ಮೇಲೆ ಫೋನು ಮಾಡಿ, “ಅಕ್ಕ, ಫೈನಲ್ಗೆ ಸೆಲೆಕ್ಟ್ ಆಗ್ಬುಟ್ಟೆ” ಎಂದಳು. ಯಾವುದರ ಫೈನಲ್ ಎಂದರೆ, ನಾನು ಬೈದಿದ್ದ ಅದೇ ಬಗೆಯ ಸ್ಪರ್ಧೆ, ಅದೂ ರಾಷ್ಟ್ರಮಟ್ಟದ್ದು. “ನಿನ್ ಲೇಖನ ಓದಿದ್ಮೇಲೇ ಅಲ್ವಾ, ಅದ್ಕೆ ಎಂಗೆ ಸೇರೋದು, ಏನೇನು ಕೇಳ್ತಾರೆ ಅಂತ ಗೊತ್ತಾಗಿದ್ದು” ಎಂದು ಕೃತಜ್ಞತೆಯನ್ನೂ ಸೂಚಿಸಿದಳು. ವಿಮರ್ಶೆಗೆ ಇಂಥ ಸಾಮಾಜಿಕ ಪರಿಣಾಮವಿದೆಯೆಂದು ನನಗೆ ವಿಶ್ವವಿದ್ಯಾಲಯದಲ್ಲಿ ಯಾರೂ ಹೇಳಿರಲಿಲ್ಲ.

ನಿನಗೇಕೆ ಇದೆಲ್ಲ ಎಂದು ಗದರಿದೆ. ಆಕೆ, “ನಮ್ಮೂರಲ್ಲಿ ಎಲ್ಲೋದ್ರೂ ಯಾರ್ ಮಗಳು, ಯಾರ್ ತಂಗಿ ಅಂತ್ಲೇ ಕೇಳ್ತಾರೆ. ಅಂಗಡೀಲಿ ಲೆಕ್ಕದ ಹುಡುಗಿ ಅಂತಾರೆ. ಒಂದ್ಸಲ, ತುಂಬಿದ ಜನ್ರ ಮುಂದೆ, ನನ್ ಎಸ್ರಿಡ್ದು ಯಾರಾದ್ರೂ ಕರೀಲಿ ಅಂತ ಅಷ್ಟೇ ಅಕ್ಕ” ಎಂದಳು. ಫೈನಲ್ ದಿಲ್ಲಿಯಲ್ಲಿತ್ತು. ಊರಿನವರಿಗೆ ಸುದ್ದಿ ಅರ್ಧಂಬರ್ಧ ಮುಟ್ಟಿತ್ತು. ಬಿಂಡಿಗನವಿಲೆಯ ಟೀ ಅಂಗಡಿಯ ಮುಂದೆ ಹಿರಿಯರೊಬ್ಬರು ನನ್ನನ್ನು ತಡೆದು, “ನಿಮ್ ರಂಜಿಗೆ ಡೆಲ್ಲಿಗೆ ಟಿಕೀಟು ಸಿಕ್ತಂತೆ? ಯಾವ್ ಪಾರ್ಟಿಯಿಂದವ್ವ?” ಎಂದು ಕೇಳಿದರು. ಪಕ್ಕದಲ್ಲಿದ್ದ ಅವರ ಗೆಳೆಯ, “ಲೇ, ಅದು ರೈಲ್ ಟಿಕೀಟು ಕಣ್ಲಾ” ಎಂದು ತಿದ್ದಿದ.

ಆದರೆ ನಿಜವಾದ ಅಡ್ಡಿ ಪಾರ್ಟಿಯದಲ್ಲ, ಚಿಕ್ಕವ್ವನದು. ರಂಜಿಯ ತಾಯಿಯಾದ ನಮ್ಮ ಚಿಕ್ಕವ್ವ ಕಣ್ಣು ತಗಲುವುದೆಂಬ ಸಂಗತಿಯನ್ನು ಮಳೆ ಬರುವುದರಷ್ಟೇ ಸಹಜವೆಂದು ನಂಬಿದವರು. ಅವರ ಮನೆಯಲ್ಲಿ ಕರುವಿನ ಕೊರಳಿಗೆ ಕರಿದಾರ, ಹೊಸ ಗೋಡೆಗೆ ಸುಣ್ಣದ ನಡುವೆ ಕರಿ ಚುಕ್ಕೆ, ಚೆನ್ನಾಗಿ ಕಾಯಿ ಬಿಟ್ಟ ಕುಂಬಳದ ಬಳ್ಳಿಯ ಪಕ್ಕ ಹರಿದ ಚಪ್ಪಲಿ. ಅವರ ತರ್ಕ ಸರಳ: ಯಾವುದೂ ಪೂರಾ ಚೆನ್ನಾಗಿ ಕಾಣಬಾರದು, ಒಂದು ಊನ ಎದ್ದು ಕಂಡರೆ ನೋಡುವವರ ಕಣ್ಣು ಅದರ ಮೇಲೆ ಬಿದ್ದು ಉಳಿದದ್ದು ಬದುಕಿಕೊಳ್ಳುತ್ತದೆ. ರಂಜಿ ಕೂಸಾಗಿದ್ದಾಗ ಒಂದು ಮದುವೆಗೆ ಅವಸರದಲ್ಲಿ ಹೊರಟು ಕೆನ್ನೆಗೆ ಬೊಟ್ಟಿಡುವುದನ್ನು ಮರೆತರಂತೆ. ಚಪ್ಪರದಲ್ಲಿ ಕಂಡವರೆಲ್ಲ ಎತ್ತಿ ಮುದ್ದಾಡಿದರು. ಅಂದು ಸಂಜೆ ಹಿಡಿದ ಜ್ವರ ಮಗುವನ್ನು ಮಂಡ್ಯದ ಆಸ್ಪತ್ರೆಯವರೆಗೂ ಕರೆದೊಯ್ದು, ಬದುಕುವುದೋ ಇಲ್ಲವೋ ಎನ್ನಿಸಿ, ಕೊನೆಗೆ ಬಿಟ್ಟುಕೊಟ್ಟಿತು. ಅಂದಿನಿಂದ ಚಿಕ್ಕವ್ವ ಬೊಟ್ಟು ಮರೆತಿಲ್ಲ. ಫೈನಲ್ ಎಂದಾಗಲೂ ಅವರದು ಒಂದೇ ಕರಾರು: “ಓಗ್ಲಿ. ನಾನೂ ಬತ್ತೀನಿ. ಆದ್ರೆ ಬೊಟ್ಟಿಲ್ದೆ ಜನ್ರ ಮುಂದೆ ನಿಲ್ಲಂಗಿಲ್ಲ. ನಿಂತ್ಲೋ, ಅಲ್ಲಿಂದ್ಲೇ ಕೈ ಇಡ್ಕೊಂಡು ಕರ್ಕೊಂಡ್ ಬಂದ್ಬುಡ್ತೀನಿ.” ಎಲ್ಲರ ಕಣ್ಣೂ ಬೀಳಲೆಂದೇ ಏರ್ಪಡಿಸಿದ ಸ್ಪರ್ಧೆಗೆ ಯಾರ ಕಣ್ಣೂ ಬೀಳಬಾರದೆಂಬ ಕರಾರಿನೊಂದಿಗೆ ಹೊರಟ ಸ್ಪರ್ಧಿ ಬಹುಶಃ ನಮ್ಮ ರಂಜಿಯೊಬ್ಬಳೇ.

ಚಿಕ್ಕವ್ವನಿಗೆ ಹಿಂದಿಯಾಗಲಿ ಇಂಗ್ಲಿಷಾಗಲಿ ಬಾರದು. ಹಾಗಾಗಿ ದುಭಾಷಿಯಾಗಿ ನಾನು. “ಬೈಕೊಂಡೇ ಬಾ ಅಕ್ಕ, ಆದ್ರೆ ಬಾ” ಎಂದಳು ರಂಜಿ. ಸಂಘಟಕರನ್ನು ಮುಖಾಮುಖಿ ಪ್ರಶ್ನಿಸುವ ಅವಕಾಶವೆಂದು ನನ್ನ ಆತ್ಮಸಾಕ್ಷಿಗೆ ಸಮಜಾಯಿಷಿ ಕೊಟ್ಟು ಹೊರಟೆ. ಚಿಕ್ಕವ್ವ ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ ತಾವೇ ಹಿಡಿದ ಕಾಡಿಗೆಯನ್ನು ಪುಟ್ಟ ಡಬ್ಬಿಯಲ್ಲಿ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ದಿಲ್ಲಿಯ ಆ ದೊಡ್ಡ ಹೋಟೆಲಿನಲ್ಲಿ ಮೊದಲ ಕದನ ಪ್ರಸಾಧನದ ಯುವಕನೊಂದಿಗೆ ನಡೆಯಿತು. ಚಿಕ್ಕವ್ವ ಕೆನ್ನೆಗೆ ಬೊಟ್ಟಿಡುವುದು, ಅವನು ಒದ್ದೆ ಹತ್ತಿಯಿಂದ ಒರೆಸುವುದು, ಮತ್ತೆ ಇಡುವುದು, ಮತ್ತೆ ಒರೆಸುವುದು. ನನಗೂ ನಮ್ಮಮ್ಮ ಇಡುತ್ತಿದ್ದರು, ಆದರೆ ಇದು ನನ್ನ ಕೆಲಸ ಎಂದು ಅವನು ಹಿಂದಿಯಲ್ಲಿ ಅಂಗಲಾಚಿದ. ನಾನದನ್ನು ಕನ್ನಡಕ್ಕೆ ತಂದೆ. ಚಿಕ್ಕವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, “ಅವ್ರವ್ವ ಸರ್ಯಾಗಿ ಇಟ್ಟಿದ್ರೆ ಇವ್ನು ಇಂಗೆ ಮೂಳೆಚಕ್ಳ ಆಗ್ತಿರ್ನಿಲ್ಲ ಅಂತ ಯೋಳವ್ವ” ಎಂದರು. ನಾನು ಹಿಂದಿಯಲ್ಲಿ, ನಿಮ್ಮ ಕೈಚಳಕ ಬಹಳ ಚೆನ್ನಾಗಿದೆ ಎನ್ನುತ್ತಿದ್ದಾರೆ ಎಂದೆ. ಸತ್ಯಕ್ಕಾಗಿ ಪ್ರಾಣ ಕೊಡಲು ಸಿದ್ಧಳಾದ ನಾನು ಅನುವಾದದಲ್ಲಿ ಇಷ್ಟು ಬೇಗ ರಾಜಿಯಾಗುವೆನೆಂದು ಎಣಿಸಿರಲಿಲ್ಲ. ಕೊನೆಗೆ ಬೊಟ್ಟು ಕೆನ್ನೆಯಿಂದ ಕಿವಿಯ ಹಿಂದಕ್ಕೆ ವರ್ಗಾವಣೆಗೊಂಡು ಕದನವಿರಾಮ ಏರ್ಪಟ್ಟಿತು.

ಅಷ್ಟಕ್ಕೇ ಮುಗಿದಿದ್ದರೆ ಈ ಪ್ರಬಂಧವೇ ಬೇಕಿರಲಿಲ್ಲ. ಅಭ್ಯಾಸದ ಸಭಾಂಗಣದಲ್ಲಿ ಕೂತು ಚಿಕ್ಕವ್ವ ದೇಶದ ಮೂಲೆ ಮೂಲೆಗಳಿಂದ ಬಂದ ಹುಡುಗಿಯರನ್ನು ಗಮನಿಸತೊಡಗಿದರು. ಎತ್ತರದ ಚಪ್ಪಲಿಯಲ್ಲಿ ನಡೆದೂ ನಡೆದೂ ಹಿಮ್ಮಡಿ ಸುಲಿದವರು, ಊಟದ ತಟ್ಟೆಯಲ್ಲಿ ನಾಲ್ಕು ಸೌತೆಹೋಳು ಇಟ್ಟುಕೊಂಡು ಅದನ್ನೂ ಮುಗಿಸದವರು. “ಯಾಕವ್ವ ಇವು ಉಣ್ಣಕಿಲ್ಲ?” ಎಂದು ಕೇಳಿದರು. ಸೊಂಟದ ಅಳತೆಯ ವಿಚಾರ ವಿವರಿಸಿದೆ. ಅವರು ಒಪ್ಪಲಿಲ್ಲ. “ಅದಲ್ಲ. ಕಣ್ಣು ತಗಲ್ಬುಟ್ಟದೆ. ನೋಡು, ಒಬ್ಬುಳ್ಗೂ ಬೊಟ್ಟಿಲ್ಲ. ತಾಯ್ದೀರು ದೂರ ಅವ್ರೆ, ಐಕ್ಳು ಏನ್ ಮಾಡಾವು?” ಮರುಕ್ಷಣ ಸೊಂಟದ ಡಬ್ಬಿ ಹೊರಬಂತು. ಮಣಿಪುರದ ಹುಡುಗಿಯೊಬ್ಬಳು ಗೋಡೆಗೊರಗಿ ಕೂತಿದ್ದಳು. ಚಿಕ್ಕವ್ವ ಅವಳ ಕೂದಲು ಸರಿಸಿ ಕಿವಿಯ ಹಿಂದೆ ಒತ್ತಿದರು. ಆ ಹುಡುಗಿ ಬೆಚ್ಚಿ ನೋಡಿ, ಏನೋ ಅರ್ಥವಾದವಳಂತೆ ತಲೆ ಬಾಗಿಸಿ ಕೂತಳು. ಪಂಜಾಬಿನವಳು ತಾನೇ ಬಂದು ಕಿವಿ ಕೊಟ್ಟಳು. ನಾನು ಚಿಕ್ಕವ್ವನನ್ನು ಪಕ್ಕಕ್ಕೆಳೆದು, “ಇವ್ರೆಲ್ಲ ರಂಜಿ ಎದುರಾಳಿಗಳು. ಇವ್ರು ಸೋತ್ರೆ ತಾನೇ ಅವ್ಳು ಗೆಲ್ಲೋದು?” ಎಂದೆ.

“ಸೋಲೋದು ಬ್ಯಾರೆ, ಕಣ್ಣು ತಗಲೋದು ಬ್ಯಾರೆ ಕಣವ್ವ” ಎಂದರು ಚಿಕ್ಕವ್ವ. “ಸೋತೋರು ಮನೆಗೋಗಿ ಉಂಡು ಮಲಿಕತಾರೆ. ಇಷ್ಟು ಓದಿದ್ದೀಯೆ, ಅಷ್ಟೂ ಗೊತ್ತಾಗಕಿಲ್ವಾ?”

ಫೈನಲಿನ ದಿನ ಸಂಜೆ, ಕಾರ್ಯಕ್ರಮಕ್ಕೆ ಸ್ವಲ್ಪ ಮೊದಲು, ಕೂದಲೆತ್ತಿ ಕಟ್ಟಿ ಸಾಲಾಗಿ ನಿಂತ ಹುಡುಗಿಯರ ಮೇಲೆ ಕ್ಯಾಮೆರಾ ಹಾಯಿಸಿ ಪರೀಕ್ಷಿಸುತ್ತಿದ್ದರು. ವೇದಿಕೆಯ ಹಿಂದೆ ಪ್ರಾಯೋಜಕರ ಬೃಹತ್ ಫಲಕ: ಕಲೆಯೇ ಇಲ್ಲದ ತ್ವಚೆ, ನಮ್ಮ ಮುಲಾಮಿನ ಭರವಸೆ. ಅದರ ಕೆಳಗೆ, ಆಳೆತ್ತರದ ಪರದೆಯಲ್ಲಿ, ಒಂದರ ಹಿಂದೊಂದು ಕಿವಿ. ಕಿವಿಯ ಹಿಂದೆ ಕಡಲೆಕಾಳಿನ ಗಾತ್ರದ ಕರಿ ಕಲೆ. ಸಂಘಟಕಿ ಧಾವಿಸಿ ಬಂದರು. ಪ್ರಸಾಧನದ ಯುವಕ ನನ್ನತ್ತ ಬೆರಳು ತೋರಿಸಿದ. ಆಕೆ ನನ್ನ ಮುಂದೆ ನಿಂತು, ಶುದ್ಧ ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಯನ್ನು ಕನ್ನಡಿಸಿದರೆ ಹೀಗೆ: “ಇದಕ್ಕೆ ಯಾರು ಹೊಣೆ?”

ಜೀವಮಾನವಿಡೀ ಕೇಳಿಕೊಂಡು ಬಂದ ಪ್ರಶ್ನೆಯನ್ನು ಇನ್ನೊಬ್ಬರ ಬಾಯಿಂದ ಕೇಳಿದಾಗ ಅದೆಷ್ಟು ಒರಟು ಎಂದು ತಿಳಿಯಿತು. ಐದು ನಿಮಿಷದಲ್ಲಿ ಎಲ್ಲವನ್ನೂ ಅಳಿಸಬೇಕು, ಇಲ್ಲದಿದ್ದರೆ ಬೊಟ್ಟಿದ್ದವರು ವೇದಿಕೆ ಹತ್ತುವಂತಿಲ್ಲ ಎಂದು ಆಕೆ ಹೇಳಿದರು. ನಾನು ಸ್ಫೋಟಿಸಿದೆ. ದೃಷ್ಟಿಬೊಟ್ಟು ಅವೈಜ್ಞಾನಿಕವೆಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆದ್ದಿದ್ದ ನಾನು, ಬೊಟ್ಟಿನ ಪರವಾಗಿ ವಾದಿಸತೊಡಗಿದೆ. ಬೊಟ್ಟು ಮೂಢನಂಬಿಕೆಯೇ ಇರಲಿ. ಇಷ್ಟು ಹುಡುಗಿಯರ ಸೊಂಟಕ್ಕೆ ಒಂದೇ ಅಳತೆ ಎಂಬುದು ಯಾವ ವಿಜ್ಞಾನ? ಈ ಕಪ್ಪು ಯಾರ ಹಿಮ್ಮಡಿಯನ್ನೂ ಸುಲಿದಿಲ್ಲ, ಯಾರ ಅನ್ನವನ್ನೂ ಕಸಿದಿಲ್ಲ. ಹಸಿದ ಮಕ್ಕಳನ್ನು ಸೌತೆಹೋಳಿನ ಮೇಲೆ ನಿಲ್ಲಿಸಿದವರು ಯಾರು, ಅದಕ್ಕೆ ಮೊದಲು ಉತ್ತರ ಬರಲಿ. ಈ ಮಾತುಗಳಲ್ಲಿ ಒಂದನ್ನೂ ನಾನು ಇವತ್ತಿಗೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ನಾನು ಮಾತಿನ ಮಧ್ಯದಲ್ಲಿದ್ದಾಗಲೇ ಸಂಘಟಕಿ ಗಡಿಯಾರ ನೋಡಿಕೊಂಡು ಹೊರಟುಹೋದರೆಂಬುದನ್ನೂ ಬಚ್ಚಿಡಬಾರದು.

ಉಳಿದವರು ನಾವು ಮೂವರು, ಮತ್ತು ಹಿಂದೆ ಸಾಲಾಗಿ ನಿಂತ ಬೊಟ್ಟಿನ ಹುಡುಗಿಯರು. ಚಿಕ್ಕವ್ವನ ಕೈ ಆಗಲೇ ರಂಜಿಯ ಮುಂಗೈಯನ್ನು ಹಿಡಿದಿತ್ತು. ಊರಿಗೆ ಎಳೆದೊಯ್ಯುವ ಹಿಡಿತ ಅದು. ನನಗೆ ಚೆನ್ನಾಗಿ ಗೊತ್ತು. ರಂಜಿ ಬಿಡಿಸಿಕೊಳ್ಳಲಿಲ್ಲ, ಅಳಲೂ ಇಲ್ಲ. ಮೆಲ್ಲಗೆ, “ಅವ್ವ, ಅವ್ರು ಅಳಿಸಿದ್ರೆ ಅದು ಬರೀ ಅಳ್ಸೋದು. ನೀನೇ ಅಳ್ಸು. ನೀನ್ ಅಳಿಸಿದ್ರೆ ದೃಷ್ಟಿ ತೆಗ್ದಂಗೆ ಅಲ್ವಾ?” ಎಂದಳು.

ಚಿಕ್ಕವ್ವ ಮಗಳ ಮುಖವನ್ನೇ ನೋಡಿದರು. ಆಮೇಲೆ ಅವರು ಸೆರಗಿನ ತುದಿಯನ್ನು ನಾಲಗೆಗೆ ತಾಗಿಸಿ, ರಂಜಿಯ ಕಿವಿಯ ಹಿಂದೆ ಒರೆಸಿ, ಎರಡೂ ಕೈಯಿಂದ ಅವಳ ಮುಖ ನೀವಿ, ಬೆರಳುಗಳನ್ನು ತಮ್ಮ ಕೆನ್ನೆಗಳ ಪಕ್ಕಕ್ಕೆ ಒತ್ತಿ ಲಟಲಟನೆ ನೆಟಿಕೆ ಮುರಿದರು. “ಇದು ಯಾವ್ ಪರದೇಲೂ ಕಾಣಕಿಲ್ಲ” ಎಂದರು. ಹಾಗೆಯೇ ಸಾಲಿನುದ್ದಕ್ಕೂ ನಡೆದರು: ಒರೆಸುವುದು, ನೀವುವುದು, ಮುರಿಯುವುದು. ಮಣಿಪುರದವಳ ಸರದಿಯಲ್ಲಿ ನೆಟಿಕೆಯ ಸದ್ದು ಜೋರಾಗಿ ಕೇಳಿ ಅವಳು ನಕ್ಕಳು.

ರಂಜಿ ವೇದಿಕೆ ಹತ್ತಿದಳು. ಬಡ ಮಕ್ಕಳು, ವಿಶ್ವಶಾಂತಿ ಮುಂತಾದವನ್ನು ಉಳಿದವರಿಗೆ ಬಿಟ್ಟು, ಗೆದ್ದರೆ ಏನು ಮಾಡುವೆ ಎಂಬ ಪ್ರಶ್ನೆಗೆ ಮೊದಲು ಹೊಟ್ಟೆ ತುಂಬ ಊಟ ಮಾಡುತ್ತೇನೆ ಎಂದಳು. ಸಭೆ ನಕ್ಕಿತು. ಮುಂದಿನ ಸುತ್ತಿಗೆ ಹತ್ತು ಜನರನ್ನು ಕರೆಯುವಾಗ ನಿರೂಪಕ ಗಟ್ಟಿಯಾಗಿ ಅವಳ ಹೆಸರು ಹೇಳಿದ, ಪೂರ್ತಿ ಹೆಸರು, ತುಂಬಿದ ಸಭೆಯ ಮುಂದೆ. ಹಿಂದೆಯೇ ಊರನ್ನೂ ಹೇಳಲು ಹೊರಟು, “ಬಿಂದಿಗಾನ್ ವಿಲ್ಲಾ” ಎಂದುಬಿಟ್ಟ. ನಾನು ತಿದ್ದಲು ಎದ್ದು ನಿಂತೆ. ಚಿಕ್ಕವ್ವ ಸೀರೆ ಹಿಡಿದು ಕೂರಿಸಿದರು. ಅವರ ಮುಖದಲ್ಲಿ ಅಷ್ಟು ದಿನಗಳಲ್ಲಿ ಮೊದಲ ಬಾರಿ ನೆಮ್ಮದಿಯಿತ್ತು. “ಊರ್ ಎಸ್ರು ಕೆಡಿಸ್ಬುಟ್ನಲ್ಲ, ಒಳ್ಳೇದೇ ಆಯ್ತು. ಅದೇ ಬೊಟ್ಟು ಬುಡು.”

ಹತ್ತರಲ್ಲಿದ್ದ ರಂಜಿ ಐದರಲ್ಲಿ ಉಳಿಯಲಿಲ್ಲ. ಮಣಿಪುರದವಳು ಉಳಿದಳು. ರಂಜಿ ಕೋಣೆಗೆ ಬಂದು ಚಪ್ಪಲಿ ಕಳಚಿ, ಎರಡು ತಟ್ಟೆ ಅನ್ನ ತಿಂದು ಮಲಗಿದಳು. ಚಿಕ್ಕವ್ವ ನನ್ನತ್ತ ನೋಡಿ, “ಅಂಗೇ ಯೋಳ್ನಿಲ್ವಾ?” ಎಂದರು.

ವಾಪಸು ಬರುವಾಗ, ನಾಗಮಂಗಲದಿಂದ ಬಿಂಡಿಗನವಿಲೆಯ ಬಸ್ಸಿನಲ್ಲಿ, ಕಿಟಕಿಗೆ ತಲೆಯಾನಿಸಿ ರಂಜಿ ನಿದ್ದೆ ಹೋಗಿದ್ದಳು. ನನ್ನ ಮನಸ್ಸಿನಲ್ಲಿ ದಿಲ್ಲಿಯಿಂದಲೂ ಕೊರೆಯುತ್ತಿದ್ದ ಒಂದು ಪ್ರಶ್ನೆಯಿತ್ತು. ಕೇಳಲು ನಾಚಿಕೆ. ಆದರೂ ವೈಚಾರಿಕ ಕುತೂಹಲವೆಂಬ ಧಾಟಿಯಲ್ಲಿ ಕೇಳಿದೆ: “ಚಿಕ್ಕವ್ವ, ಯಾರ್ ಯಾರ್ಗೋ ಇಟ್ರಿ. ಅಷ್ಟು ದಿನ ಪಕ್ಕದಲ್ಲೇ ಇದ್ದೆ, ನಂಗ್ಯಾಕೆ ಒಂದ್ಸಲಾನೂ ಇಡ್ಲಿಲ್ಲ?”

ಚಿಕ್ಕವ್ವ ನನ್ನ ಗಲ್ಲ ಹಿಡಿದು ತಿರುಗಿಸಿ ನೋಡಿದರು, ನಿಜವಾದ ಪ್ರೀತಿಯಿಂದಲೇ. “ನಿಂಗ್ಯಾಕವ್ವ ಬೊಟ್ಟು? ನಿನ್ ಬಾಯಿ ಅದೆಯಲ್ಲ. ನೋಡೋರು ನೋಡಿ ಮುಗಿಸೋ ಮೊದ್ಲೇ ನೀನು ಬಾಯಿ ಬುಟ್ಟಿರ್ತೀಯೆ. ಯಾವ್ ಕಣ್ಣು ನಿಂತದು?”

ಎಲ್ಲರ ಉತ್ತರವನ್ನೂ ಮರುಪ್ರಶ್ನಿಸುವ ನಾನು ಈ ಉತ್ತರವನ್ನು ಮಾತ್ರ ಹಾಗೆಯೇ ಸ್ವೀಕರಿಸಿದೆ. ದೃಷ್ಟಿಬೊಟ್ಟಿನ ಕುರಿತ ನನ್ನ ವೈಜ್ಞಾನಿಕ ನಿಲುವಿನಲ್ಲಿ ಯಾವ ಬದಲಾವಣೆಯೂ ಇಲ್ಲವೆಂದು ಇಲ್ಲಿ ದಾಖಲಿಸುತ್ತೇನೆ. ಇತ್ತೀಚೆಗೆ ಸಭೆಯೊಂದರಲ್ಲಿ ಭಾಷಣ ಮಾಡಿ ಇಳಿದಾಗ, ನನ್ನ ಕಿವಿಯ ಹಿಂದೆ ಏನೋ ಕಪ್ಪಾಗಿದೆಯೆಂದು ಗೆಳತಿಯೊಬ್ಬಳು ತೋರಿಸಿದಳು. ಬರಹಗಾರರೆಂದ ಮೇಲೆ ಶಾಯಿ ಅಂಟುವುದು ಸಹಜ ಎಂದೆ. ನಾನು ಬರೆಯುವುದು ಲ್ಯಾಪ್‌ಟಾಪಿನಲ್ಲಿ ಎಂಬುದನ್ನು ಓದುಗರು ಈ ಒಂದು ಸಲ ದಯವಿಟ್ಟು ಮರೆಯಬೇಕು.